ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕಬೇಡಿ ಎನ್ನಬಹುದೇ? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಬೆಂಗಳೂರಿನ ವಿದ್ಯಾರಣ್ಯಪುರದ ಕಡೆ ಸ್ವಂತ ಫ್ಲ್ಯಾಟ್‌ನಲ್ಲಿದ್ದೇವೆ. ಐದು ವರ್ಷದ ಲ್ಯಾಬ್ರಡಾರ್ ಇದೆ. ದೊಡ್ಡ ನಾಯಿಗಳನ್ನು ಒಂದು ತಿಂಗಳೊಳಗೆ ಹೊರಗೆ ಕಳಿಸಬೇಕು, ಅಲ್ಲಿಯವರೆಗೆ ಅವನ್ನು ಲಿಫ್ಟ್‌ನಲ್ಲಿ ಕರೆದೊಯ್ದರೆ ತಿಂಗಳಿಗೆ ಐನೂರು ರೂಪಾಯಿ ಕಟ್ಟಬೇಕು ಎಂದು ಸಂಘದ ಸಭೆಯಲ್ಲಿ ಬಹುಮತದಿಂದ ನಿರ್ಣಯವಾಗಿದೆ. ಲಿಫ್ಟ್ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ. ಒಪ್ಪಲೇಬೇಕೇ?

ಉತ್ತರ: ಒಪ್ಪಬೇಕಾಗಿಲ್ಲ. ಮನೆಯವರೆಲ್ಲ ಎಷ್ಟು ಕಳವಳದಲ್ಲಿರಬಹುದು ಎಂದು ಊಹಿಸಬಲ್ಲೆ. ಮೊದಲು ಧೈರ್ಯ ತಂದುಕೊಳ್ಳಿ. ನಿವಾಸಿಗಳ ಸಂಘಗಳು ಏನು ಮಾಡಬಹುದು, ಏನು ಮಾಡಬಾರದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಎಲ್ಲರೂ ಕೈಯೆತ್ತಿದರೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ. ಸಣ್ಣ ತಳಿಗೆ ಒಪ್ಪಿಗೆ, ದೊಡ್ಡ ತಳಿಗೆ ಇಲ್ಲ ಎನ್ನುವಂತಿಲ್ಲ. ಬೊಗಳುತ್ತದೆ ಎಂಬುದೂ ಹೊರಹಾಕಲು ಕಾರಣವಾಗುವುದಿಲ್ಲ. ಲಿಫ್ಟ್ ನಿರಾಕರಿಸುವಂತಿಲ್ಲ, ಅದಕ್ಕೆಂದು ಬೇರೆ ಹಣ ಕೇಳುವಂತಿಲ್ಲ. ಎರಡು ಲಿಫ್ಟ್ ಇದ್ದು ಎರಡೂ ಕೆಲಸ ಮಾಡುತ್ತಿದ್ದರೆ, ನಾಯಿ ಇರುವವರು ಇದನ್ನು ಬಳಸಲಿ ಎಂದು ಮಾತಾಡಿಕೊಳ್ಳಬಹುದು. ಆ ಸಲಹೆ ಬಂದರೆ ದಯವಿಟ್ಟು ಒಪ್ಪಿಕೊಳ್ಳಿ. ನಾಯಿ ಕಂಡರೆ ಮೈ ನಡುಗುವವರು ನಿಜವಾಗಿಯೂ ಇದ್ದಾರೆ.

ಮಾರ್ಗಸೂಚಿಯು ಶಾಸನವಲ್ಲ ಎಂದು ಸಂಘದ ಕಡೆಯವರು ವಾದಿಸುತ್ತಾರೆ. ಅದು ಸರಿಯೇ. ಆದರೆ ಸಂಘದ ಬೈಲಾ, ಅಂದರೆ ಸಂಘ ತನಗೆ ತಾನೇ ಮಾಡಿಕೊಂಡ ಒಳನಿಯಮ ಕೂಡ ಶಾಸನಕ್ಕಿಂತ ಮೇಲಲ್ಲ. ಸಾಕುಪ್ರಾಣಿ ನಿಷೇಧಿಸುವ ಬೈಲಾಗಳು ಸಂವಿಧಾನಬಾಹಿರ ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದೆ. ಬೇರೆ ರಾಜ್ಯದ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲವಾದರೂ ಇಲ್ಲಿನ ನ್ಯಾಯಾಲಯದ ಮುಂದೆ ಅದನ್ನು ಧಾರಾಳವಾಗಿ ಇಡಬಹುದು.

ಈಗ ಮಾಡಬೇಕಾದ್ದು: ಸಭೆಯ ನಡಾವಳಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನೋಟಿಸಿನ ಫೋಟೊ ತೆಗೆದಿಟ್ಟುಕೊಳ್ಳಿ. ಮಾರ್ಗಸೂಚಿಯ ಪ್ರತಿ ಲಗತ್ತಿಸಿ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಪತ್ರದ ಜೊತೆ ರೇಬೀಸ್ ಲಸಿಕೆ ಕಾರ್ಡಿನ ಪ್ರತಿ ಇರಲೇಬೇಕು. ಕಾರ್ಡಿನಲ್ಲಿ ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ಅದರ ಮೇಲಿನ ಬ್ಯಾಚ್ ಸಂಖ್ಯೆ, ಪಶುವೈದ್ಯರ ಸಹಿ ಮತ್ತು ಮೊಹರು, ಮುಂದಿನ ಲಸಿಕೆಯ ದಿನಾಂಕ ಇಷ್ಟೂ ಕಾಣುವಂತಿರಲಿ. ಆ ದಿನಾಂಕ ಎಂದೋ ದಾಟಿಹೋಗಿದ್ದರೆ ಎದುರಿನವರು ಮೊದಲು ಬೆರಳು ಇಡುವುದು ಅಲ್ಲಿಯೇ.

ಪ್ರಶ್ನೆ: ನಾವು ಬಾಡಿಗೆಗೆ ಇದ್ದೇವೆ. ನಮಗೂ ಇದು ಅನ್ವಯಿಸುತ್ತದೆಯೇ?

ಉತ್ತರ: ಸಂಘದ ಮಟ್ಟಿಗೆ ಹೌದು, ಬಾಡಿಗೆದಾರರೆಂದು ಸಂಘ ನಿಮಗೆ ಬೇರೆ ನಿಯಮ ಮಾಡುವಂತಿಲ್ಲ. ಮನೆ ಮಾಲೀಕರ ವಿಚಾರ ಬೇರೆ. ಪ್ರಾಣಿ ಸಾಕುವುದಿಲ್ಲ ಎಂದು ಕರಾರುಪತ್ರದಲ್ಲಿ ಸಹಿ ಹಾಕಿದ್ದರೆ ಅದು ನಿಮ್ಮಿಬ್ಬರ ನಡುವಿನ ಒಪ್ಪಂದ. ಸಹಿ ಹಾಕುವ ಮೊದಲೇ ನಾಯಿ ಇರುವುದನ್ನು ತಿಳಿಸಿ, ಒಪ್ಪಿಗೆಯನ್ನು ಒಂದು ಸಾಲಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಫ್ಲ್ಯಾಟ್‌ಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂಬ ಪಾಲಿಕೆಯ ನಿಯಮ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಮ್ಮ ಮನೆಯಲ್ಲಿ ಎರಡಿವೆ. ಒಂದನ್ನು ಕೊಟ್ಟುಬಿಡಬೇಕೇ?

ಉತ್ತರ: ಕೊಡಬೇಡಿ. ಅದು 2018ರಲ್ಲಿ ಬಿಬಿಎಂಪಿ ತಂದ ಪರವಾನಗಿ ಬೈಲಾ. ಯಾವ ತಳಿ ಸಾಕಬಹುದು ಎಂಬ ಪಟ್ಟಿಯೂ ಅದರಲ್ಲಿತ್ತು. ಪ್ರಾಣಿಪ್ರಿಯರಿಂದ ಭಾರಿ ವಿರೋಧ ಬಂದು ಅದನ್ನು ತಡೆಹಿಡಿಯಲಾಯಿತು. ಆದರೂ ಅದೇ ಹಳೆಯ ಸುದ್ದಿ ಮತ್ತೆ ಮತ್ತೆ ತೇಲಿಬರುತ್ತದೆ. ಅದನ್ನು ನಂಬಿ ಮನೆಯ ನಾಯಿಯನ್ನು ದೂರ ಮಾಡುವ ಯೋಚನೆ ಯಾರಿಗೂ ಬಾರದಿರಲಿ. ಯಾರಾದರೂ ನಿಯಮ ತೋರಿಸಿದರೆ ಅಧಿಸೂಚನೆಯ ದಿನಾಂಕ ಕೇಳಿ, ಅದು ಇಂದಿಗೂ ಜಾರಿಯಲ್ಲಿದೆಯೇ ಎಂದು ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿವೆ. ಪರವಾನಗಿಯ ಬಗ್ಗೆ ನಿಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿದೆಯೋ ಅದರ ಪಶುಪಾಲನಾ ವಿಭಾಗದಲ್ಲೇ ವಿಚಾರಿಸಿ.

ಪ್ರಶ್ನೆ: ನಮ್ಮದು ರಾಟ್‌ವೀಲರ್. ಕೇಂದ್ರ ಸರ್ಕಾರ ನಿಷೇಧಿಸಿದೆ ಎಂದು ಪಕ್ಕದವರು ಹೆದರಿಸುತ್ತಾರೆ.

ಉತ್ತರ: 2024ರ ಮಾರ್ಚ್‌ನಲ್ಲಿ 23 ತಳಿಗಳ ಬಗ್ಗೆ ಕೇಂದ್ರದ ಸುತ್ತೋಲೆ ಬಂದಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ಅದನ್ನು ರದ್ದುಪಡಿಸಿತು. ಹಾಗೆಂದು ನಿರಾಳವಾಗಿ ಬಿಡಬೇಡಿ. ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬಲವಾದ ನಾಯಿಯ ಹಗ್ಗವನ್ನು ಮನೆಯ ಚಿಕ್ಕ ಮಕ್ಕಳ ಕೈಗೆ ಕೊಟ್ಟು ಕಳಿಸುವುದನ್ನು ಇಂದಿನಿಂದಲೇ ನಿಲ್ಲಿಸಿ.

ಪ್ರಶ್ನೆ: ವಕೀಲರೇ, ನಾನು ನಾಯಿ ಸಾಕಿದವನಲ್ಲ, ವಯಸ್ಸಾದವನು. ಮೇಲಿನ ಮನೆಯವರು ನಾಯಿಯನ್ನು ಹಗ್ಗವಿಲ್ಲದೆ ಬಿಡುತ್ತಾರೆ. ನಮ್ಮ ಬಾಗಿಲ ಮುಂದೆಯೇ ಹೇಲುತ್ತದೆ. ಮೊನ್ನೆ ಮೊಮ್ಮಗಳ ಕಾಲಿಗೆ ಪರಚಿದೆ. ಕಾನೂನು ಇರುವುದು ನಾಯಿ ಇರುವವರಿಗೆ ಮಾತ್ರವೇ?

ಉತ್ತರ: ಖಂಡಿತ ಅಲ್ಲ ಸರ್. ಮೊದಲು ಮಗುವಿನ ವಿಷಯ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದಿರಾ? ತೊಳೆದಿದ್ದರೂ ಇಲ್ಲದಿದ್ದರೂ ಈಗಲೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಪರಚಿದ ಗಾಯದಲ್ಲಿ ರಕ್ತ ಹೆಚ್ಚು ಬರದಿದ್ದರೂ ರೇಬೀಸ್ ಲಸಿಕೆ ಬೇಕಾಗಬಹುದು. ನಾಯಿಗೆ ಲಸಿಕೆ ಆಗಿದೆ ಎಂಬ ಬಾಯಿಮಾತು ಸಾಲದು, ಅದರ ಕಾರ್ಡ್ ಕೇಳಿ ನೋಡಿ.

ಅನಂತರ ಸಂಘಕ್ಕೆ ಲಿಖಿತ ದೂರು ಕೊಡಿ, ಆ ದಿನದ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಉಳಿಸಿಡಲು ಹೇಳಿ. ಸರಿಹೋಗದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು, ಮೇಲೆ ಹೇಳಿದ 291ನೇ ಸೆಕ್ಷನ್ ಇರುವುದೇ ಇಂಥ ಸಂದರ್ಭಕ್ಕೆ. ಮಂಡಳಿಯ ಮಾರ್ಗಸೂಚಿಯೂ ಸಾರ್ವಜನಿಕ ಜಾಗದಲ್ಲಿ ಹಗ್ಗ ಹಿಡಿದಿರಿ, ಹೇಲು ಎತ್ತಿ ಶುಚಿ ಮಾಡಿ ಎಂದು ಪೋಷಕರಿಗೆ ತಿಳಿಹೇಳುತ್ತದೆ. ಇದನ್ನು ಓದುತ್ತಿರುವ ನಾಯಿ ಪೋಷಕರೇ, ಈ ಹಿರಿಯರ ಮಾತನ್ನು ಮತ್ತೊಮ್ಮೆ ಓದಿ. ಒಬ್ಬರ ನಿರ್ಲಕ್ಷ್ಯದಿಂದ ಇಡೀ ಕಟ್ಟಡದ ಮನಸ್ಸು ಕೆಡುತ್ತದೆ. ಮೇಲಿನ ಲ್ಯಾಬ್ರಡಾರ್ ಪ್ರಶ್ನೆಯಂಥವು ಬಹುಮಟ್ಟಿಗೆ ಹುಟ್ಟುವುದು ಹೀಗೆಯೇ.

ಪ್ರಶ್ನೆ: ಎದುರಿನ ಮನೆಯ ನಾಯಿಯನ್ನು ಬಾಲ್ಕನಿಯಲ್ಲಿ ಹಗಲೆಲ್ಲ ಚಿಕ್ಕ ಸರಪಳಿಗೆ ಕಟ್ಟಿರುತ್ತಾರೆ. ಬಿಸಿಲಿನಲ್ಲಿ ನೀರೂ ಇರುವುದಿಲ್ಲ.

ಉತ್ತರ: ತೀರಾ ಚಿಕ್ಕ ಸರಪಳಿಗೆ ಹೊತ್ತುಗಟ್ಟಲೆ ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು, ಸಾಕಷ್ಟು ನೀರು, ಆಹಾರ, ನೆರಳು ಕೊಡದಿರುವುದು, ಇವೆಲ್ಲ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅಪರಾಧಗಳು. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಮೊದಲು ಹೋಗಿ ಮಾತಾಡಿ, ಒಂದು ಬಟ್ಟಲು ನೀರು ಇಡಲು ಒಪ್ಪಿಸಿ. ಕೇಳದಿದ್ದರೆ ದಿನಾಂಕ, ಸಮಯ ಕಾಣುವ ವಿಡಿಯೊ ಜೊತೆಗೆ ಠಾಣೆಗೆ ದೂರು ಕೊಡಿ. ನಾಯಿ ಅಸ್ವಸ್ಥವಾಗಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಪ್ರಶ್ನೆ: ಗೇಟಿನ ಬಳಿ ಬೀದಿನಾಯಿಗಳಿಗೆ ಅನ್ನ ಹಾಕಬಹುದೇ?

ಉತ್ತರ: ಗೇಟಿನ ಬಳಿ ಬೇಡ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಪ್ರವೇಶದ್ವಾರ, ಮೆಟ್ಟಿಲು, ಮಕ್ಕಳು ಆಡುವ ಜಾಗ ಬಿಟ್ಟು ಬೇರೆ ಕಡೆ ಸ್ಥಳ ಗುರುತಿಸಿಕೊಡುವುದು ಸಂಘದ ಹೊಣೆ. ಗುರುತಿಸಿದ ಜಾಗದಲ್ಲೇ ಹಾಕಬೇಕು ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆದೇಶಿಸಿದೆ. ಸಂಘಕ್ಕೆ ಪತ್ರ ಬರೆದು ಜಾಗವನ್ನೂ ಹೊತ್ತನ್ನೂ ನಿಗದಿ ಮಾಡಿಸಿಕೊಳ್ಳಿ.