ಘಟ್ಟ ಹತ್ತಿದರೆ ರಿಚ್, ಇಳಿದರೆ ಲೀನ್: 150 ಸಿಸಿ ಬೈಕಿಗೆ ಸ್ಪೀಡುಯಿನೊ ಕೂರಿಸಿದವರು ದಯವಿಟ್ಟು ನೋಡಿ

ಉಜಿರೆ_ಸವಾರ:

ಎಲ್ಲರಿಗೂ ನಮಸ್ಕಾರ. ಏರ್ ಕೂಲ್ಡ್ 150 ಸಿಸಿ ಸಿಂಗಲ್ ಸಿಲಿಂಡರ್ ಬೈಕಿನ ಕಂಪನಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬಿಚ್ಚಿಟ್ಟು, ಆರ್ಡುಯಿನೊ ಮೆಗಾ 2560 ಬೋರ್ಡಿನ ಮೇಲೆ ನಡೆಯುವ, ನಾವೇ ಜೋಡಿಸಿಕೊಳ್ಳುವ ಇಸಿಯು ಸ್ಪೀಡುಯಿನೊ ಕೂರಿಸಿದ್ದೇನೆ. ಮೂಲ ವೈರಿಂಗ್ ಕತ್ತರಿಸಿಲ್ಲ. ಕಂಪನಿ ಕನೆಕ್ಟರಿಗೆ ಹೊಂದುವ ಅಡಾಪ್ಟರ್ ಮಾಡಿಕೊಂಡಿದ್ದೇನೆ, ಹಳೆಯ ಇಸಿಯು ಯಾವಾಗ ಬೇಕಾದರೂ ಮರಳಿ ಕೂರುತ್ತದೆ. ಸೈಲೆನ್ಸರ್ ಪೈಪಿಗೆ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದ್ದೇನೆ. ಅದು ತೋರಿಸುವುದು ಲ್ಯಾಂಬ್ಡಾ: 1 ಎಂದರೆ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ, ಅದಕ್ಕಿಂತ ಕಡಿಮೆಯಾದರೆ ರಿಚ್ (ಪೆಟ್ರೋಲ್ ಹೆಚ್ಚು), ಹೆಚ್ಚಾದರೆ ಲೀನ್ (ಪೆಟ್ರೋಲ್ ಕಡಿಮೆ).

ಮ್ಯಾಪ್ (ಇನ್‌ಟೇಕ್ ಒತ್ತಡದ) ಸೆನ್ಸರಿನ ರೀಡಿಂಗ್ ಒಂದೇ ಸಮ ಜಿಗಿಯುತ್ತಿತ್ತು. ಹಾಗಾಗಿ ಆಲ್ಫಾ-ಎನ್ ಆರಿಸಿಕೊಂಡೆ: ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಇವೆರಡರ ಮೇಲೆಯೇ ಪೆಟ್ರೋಲಿನ ಲೆಕ್ಕ. ವಾತಾವರಣದ ಒತ್ತಡದ ತಿದ್ದುಪಡಿಯನ್ನೂ ಚಾಲೂ ಮಾಡಿದ್ದೇನೆ. ಊರಿನಲ್ಲಿ ಬೈಕ್ ಬಹಳ ಚೆನ್ನಾಗಿ ಓಡುತ್ತದೆ, ಫುಲ್ ಥ್ರಾಟಲಿನಲ್ಲಿ ಲ್ಯಾಂಬ್ಡಾ 0.90ರ ಹತ್ತಿರ ನಿಲ್ಲುತ್ತದೆ. ಚಾರ್ಮಾಡಿ ಹತ್ತುತ್ತಾ ಹೋದಂತೆ ಅದೇ ಸಂಖ್ಯೆ 0.80ಕ್ಕೆ ಇಳಿದು ಇಂಜಿನ್ ಕೆಮ್ಮಲು ತೊಡಗುತ್ತದೆ. ಆಶ್ಚರ್ಯವೆಂದರೆ, ಕೊಟ್ಟಿಗೆಹಾರದಲ್ಲಿ ಗಾಡಿ ಆಫ್ ಮಾಡಿ, ನೀರುದೋಸೆ ತಿಂದು ಬಂದು ಸ್ಟಾರ್ಟ್ ಮಾಡಿದರೆ ಎಲ್ಲವೂ ಸರಿ! ಇಳಿಯುವಾಗ ಉಲ್ಟಾ, ಕೆಳಗೆ ಬರುವಷ್ಟರಲ್ಲಿ ಲೀನ್. ಇಂಜಿನ್ ಬಿಸಿಯಾಗಿ ಹೀಗಾಗುತ್ತಿದೆಯೇ? ತಾಪಮಾನದ ತಿದ್ದುಪಡಿಗಳನ್ನೆಲ್ಲ ತಡಕಾಡಿದೆ, ಏನೂ ಬದಲಾಗಲಿಲ್ಲ.

ಬಾಳೆಹೊನ್ನೂರು_ಗ್ಯಾರೇಜ್:

ಬಿಸಿಯದ್ದಲ್ಲ ತಮ್ಮಾ. ನಿನ್ನ ಪ್ರಶ್ನೆಯಲ್ಲಿಯೇ ಉತ್ತರ ಇದೆ: ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿ.

ಬೋರ್ಡಿಗೆ ಹೊರಗಿನ ಒತ್ತಡ ಅಳೆಯುವ ಪ್ರತ್ಯೇಕ ಸೆನ್ಸರ್ ಇಲ್ಲದಿದ್ದರೆ, ಸ್ಪೀಡುಯಿನೊ ಆ ಕೆಲಸವನ್ನು ಮ್ಯಾಪ್ ಸೆನ್ಸರಿನಿಂದಲೇ ಮಾಡಿಸಿಕೊಳ್ಳುತ್ತದೆ. ಆದರೆ ಇಂಜಿನ್ ನಿಂತಿರುವಾಗ ಮಾತ್ರ. ಓಡುತ್ತಿರುವ ಇಂಜಿನಿನ ಇನ್‌ಟೇಕಿನಲ್ಲಿ ಎಳೆತ ಇರುವುದರಿಂದ ಅಲ್ಲಿ ಹೊರಗಿನ ಒತ್ತಡ ಸಿಗುವುದಿಲ್ಲ. ನೀನು ಉಜಿರೆಯಲ್ಲಿ ಕೀ ತಿರುಗಿಸಿದಾಗ ಸುಮಾರು 100 ಕಿಲೋಪಾಸ್ಕಲ್ ಎಂದು ಬರೆದುಕೊಂಡ ಇಸಿಯು, ಘಟ್ಟದ ಮೇಲೆಯೂ ಅದನ್ನೇ ನಂಬಿಕೊಂಡಿರುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ನಿಜವಾದ ಒತ್ತಡ 90ರ ಆಸುಪಾಸು. ಗಾಳಿ ಹತ್ತನೇ ಒಂದು ಭಾಗ ಕಡಿಮೆ, ಪೆಟ್ರೋಲ್ ಮಾತ್ರ ಅಷ್ಟೇ. 0.90 ಅನ್ನು 0.9ರಿಂದ ಗುಣಿಸಿ ನೋಡು, 0.81 ಬರುತ್ತದೆ. ನಿನ್ನ ಲಾಗ್ ಹೇಳುತ್ತಿರುವುದೂ ಅದನ್ನೇ.

ಹತ್ತುವಾಗಿನ ಕೆಮ್ಮಿಗಿಂತ ನನಗೆ ಹೆಚ್ಚು ಭಯ ಇಳಿದ ಮೇಲಿನದ್ದು. ಕೊಟ್ಟಿಗೆಹಾರದ 90 ಅನ್ನು ಹಿಡಿದುಕೊಂಡೇ ಉಜಿರೆಗೆ ಬಂದು, ಸಪಾಟು ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದರೆ ಲ್ಯಾಂಬ್ಡಾ 1.0. ಏರ್ ಕೂಲ್ಡ್ ಇಂಜಿನಿಗೆ ಫುಲ್ ಲೋಡಿನಲ್ಲಿ ಅದು ಸಲ್ಲದು. ನಿನ್ನ ಬೈಕಿನಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಹಿಡಿಯುವ ಸೆನ್ಸರ್ ಇಲ್ಲ, ಹೆಲ್ಮೆಟ್ಟಿನೊಳಗೆ ನಾಕಿಂಗ್ ಸದ್ದು ಕೇಳುವುದೂ ಇಲ್ಲ. ಪಿಸ್ಟನ್ ಹೋದ ಮೇಲೆಯೇ ತಿಳಿಯುವುದು. ಇದು ಸರಿಹೋಗುವ ತನಕ ಇಗ್ನಿಷನ್ ಟೈಮಿಂಗ್ ಟೇಬಲ್ಲಿಗೆ ಕೈ ಹಾಕಬೇಡ.

ಪರಿಹಾರ ಸುಲಭ. ಮೂರು ವೈರಿನ ಇನ್ನೊಂದು ಒತ್ತಡದ ಸೆನ್ಸರ್ ತಂದು ಬೋರ್ಡಿನ ಬ್ಯಾರೊ (ಹೊರಗಿನ ಒತ್ತಡದ) ಇನ್‌ಪುಟ್ಟಿಗೆ ಕೊಡು. ಸೀಟಿನ ಕೆಳಗೆ, ಎದುರುಗಾಳಿ ನೇರವಾಗಿ ನುಗ್ಗದ ಕಡೆ, ಬಾಯಿ ಕೆಳಮುಖವಾಗಿರುವಂತೆ ಇಡು. ನಮ್ಮ ಮಳೆಗೆ ಬಾಯಿ ಮೇಲಿದ್ದರೆ ನೀರು ಕುಡಿಯುತ್ತದೆ.

ಮೈಸೂರು_ಮೇಷ್ಟ್ರು:

ಮೇಲಿನವರು ಹೇಳಿದ್ದು ಸರಿ. ಆದರೆ ಮ್ಯಾಪ್ ಸೆನ್ಸರನ್ನು ಅಷ್ಟು ಬೇಗ ಕೈಬಿಡಬೇಡಿ ಎಂಬುದು ನನ್ನ ಕೋರಿಕೆ. ಅದು ಜಿಗಿಯುವುದು ದೋಷವಲ್ಲ. ಸಿಂಗಲ್ ಸಿಲಿಂಡರಿನಲ್ಲಿ 720 ಡಿಗ್ರಿಗೆ ಒಮ್ಮೆ ಮಾತ್ರ ಇಂಜಿನ್ ಗಾಳಿ ಎಳೆಯುತ್ತದೆ. ಉಳಿದ ಸಮಯದಲ್ಲಿ ಇನ್‌ಟೇಕ್ ಮತ್ತೆ ತುಂಬಿಕೊಂಡು ಹೊರಗಿನ ಒತ್ತಡಕ್ಕೆ ಬರುತ್ತದೆ. ಸರಾಸರಿ ತೆಗೆದರೆ ಥ್ರಾಟಲ್ ಅರೆ ತೆರೆದಿದ್ದರೂ ಪೂರ್ತಿ ತೆರೆದಂತೆಯೇ ಕಾಣುತ್ತದೆ. ಟ್ಯೂನಿಂಗ್ ಸಾಫ್ಟ್‌ವೇರ್ ಟ್ಯೂನರ್‌ಸ್ಟುಡಿಯೊದಲ್ಲಿ ಮ್ಯಾಪ್ ಸ್ಯಾಂಪಲ್ ವಿಧಾನವನ್ನು ‘ಸೈಕಲ್ ಮಿನಿಮಮ್’ ಮಾಡಿ ನೋಡಿ. ಪ್ರತಿ ಸೈಕಲ್ಲಿನ ಅತ್ಯಂತ ಕಡಿಮೆ ಒತ್ತಡವನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ, ರೀಡಿಂಗ್ ನೆಟ್ಟಗೆ ನಿಲ್ಲುತ್ತದೆ. ಹೋಸ್ ಉದ್ದವಾಗಿದ್ದರೆ ಕತ್ತರಿಸಿ ಗಿಡ್ಡ ಮಾಡಿ. ಉದ್ದದ ಹೋಸ್ ಆ ಕ್ಷಣದ ಎಳೆತವನ್ನೇ ನುಂಗಿಬಿಡುತ್ತದೆ. ಆಮೇಲೆ ಸ್ಪೀಡ್ ಡೆನ್ಸಿಟಿಗೆ (ಥ್ರಾಟಲ್ ಬದಲು ಮ್ಯಾಪ್ ಒತ್ತಡದ ಮೇಲೆ ಪೆಟ್ರೋಲಿನ ಲೆಕ್ಕ) ಬನ್ನಿ, ಎತ್ತರದ ಸಮಸ್ಯೆಯ ಬಹುಪಾಲು ತಾನಾಗಿಯೇ ಕರಗುತ್ತದೆ. ಆಗ ಒತ್ತಡದ ತಿದ್ದುಪಡಿಯ ಕರ್ವ್ ಹೆಚ್ಚುಕಡಿಮೆ ಸಪಾಟಾಗಿರಬೇಕು. ಇಲ್ಲದಿದ್ದರೆ ಒಂದೇ ಇಳಿಕೆಗೆ ಎರಡು ಸಲ ಪೆಟ್ರೋಲ್ ಕಡಿತವಾಗುತ್ತದೆ.

ಇನ್ನೊಂದು ವಿಷಯ. ಗುರಿಯನ್ನು ಲ್ಯಾಂಬ್ಡಾದಲ್ಲಿಯೇ ಇಟ್ಟುಕೊಂಡಿದ್ದೀರಿ, ಸಂತೋಷ. ಈಗ ಬಂಕಿನಲ್ಲಿ ಸಿಗುವ ಇ20ಗೆ (ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್) 14.7 ಎಂಬ ಹಳೆಯ ಗಾಳಿ-ಪೆಟ್ರೋಲ್ ಅನುಪಾತ ಹೊಂದುವುದಿಲ್ಲ, ಅದು 13.5ರ ಹತ್ತಿರ. ಲ್ಯಾಂಬ್ಡಾ 1 ಮಾತ್ರ ಯಾವ ಪೆಟ್ರೋಲಿಗೂ 1.

ಬೆಂಗಳೂರು_ಇಂಜೆಕ್ಟರ್:

ಉತ್ಸಾಹಕ್ಕೆ ಅಡ್ಡ ಬರುವ ಉದ್ದೇಶವಿಲ್ಲ, ಆದರೂ ಹೇಳಲೇಬೇಕು. ಅನುಮತಿಯಿಲ್ಲದೆ ವಾಹನದ ಮೂಲ ರಚನೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ. 2019ರ ತಿದ್ದುಪಡಿಯ ನಂತರ 182ಎ ಅಡಿಯಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ ಆಗಬಹುದು. ಚಾರ್ಮಾಡಿ ಸಾರ್ವಜನಿಕ ರಸ್ತೆ. ಬಸ್ಸು, ಲಾರಿ ತಿರುಗುವ ಹೇರ್‌ಪಿನ್ನಿನಲ್ಲಿ ಪ್ರಯೋಗದ ಇಸಿಯು ಕೈಕೊಟ್ಟರೆ ತೊಂದರೆ ನಿಮಗೊಬ್ಬರಿಗೇ ಅಲ್ಲ. ಎತ್ತರವನ್ನು ಮನೆಯಂಗಳದಲ್ಲಿಯೇ ಸೃಷ್ಟಿಸಬಹುದು. ಹೊಸ ಬ್ಯಾರೊ ಸೆನ್ಸರಿನ ಬಾಯಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ನಿಧಾನವಾಗಿ ಎಳೆಯಿರಿ. ಇಸಿಯುಗೆ ನೀವು ಘಟ್ಟದ ಮೇಲಿದ್ದೀರಿ.

ಉಜಿರೆ_ಸವಾರ:

ಮೂವರಿಗೂ ತುಂಬು ಧನ್ಯವಾದ. ಸೆನ್ಸರ್ ಬಂತು, ಹಾಕಿದೆ. ಇಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಬಿಟ್ಟು, ಲ್ಯಾಂಬ್ಡಾ ನೋಡಿ ತಾನೇ ತಿದ್ದಿಕೊಳ್ಳುವ ಕ್ಲೋಸ್ಡ್ ಲೂಪ್ ಆಫ್ ಮಾಡಿ, ಸಿರಿಂಜ್ ಎಳೆದೆ. ಒತ್ತಡ 90ಕ್ಕೆ ಇಳಿಯುತ್ತಿದ್ದಂತೆ ಲ್ಯಾಂಬ್ಡಾ 1.0ರಿಂದ 1.1ರ ಕಡೆಗೆ ಏರಿತು. ಎಂದರೆ ಪೆಟ್ರೋಲ್ ಕಡಿತವಾಗುತ್ತಿದೆ, ಅದೂ ಇಂಜಿನ್ ಓಡುತ್ತಿರುವಾಗಲೇ! ಆದರೆ ಇಂಜೆಕ್ಟರ್ ಪಲ್ಸ್ (ಇಂಜೆಕ್ಟರಿಗೆ ಕರೆಂಟ್ ಕೊಡುವ ಅವಧಿ) 2.4 ಮಿಲಿಸೆಕೆಂಡಿನಿಂದ ಸುಮಾರು 2.25ಕ್ಕೆ ಮಾತ್ರ ಇಳಿದಿದೆ. ಹತ್ತನೇ ಒಂದು ಭಾಗವೂ ಅಲ್ಲವಲ್ಲ? ಅಂದ ಹಾಗೆ, ಇನ್ನು ಪರೀಕ್ಷೆಯೆಲ್ಲ ಮಾವನ ತೋಟದೊಳಗಿನ ರಸ್ತೆಯಲ್ಲಿಯೇ. ಘಟ್ಟಕ್ಕೆ ಕಂಪನಿ ಇಸಿಯು.

ಬಾಳೆಹೊನ್ನೂರು_ಗ್ಯಾರೇಜ್:

ಸರಿಯಾಗಿಯೇ ಇದೆ. ಪಲ್ಸಿನ ಮೊದಲ ಒಂದು ಮಿಲಿಸೆಕೆಂಡ್ ಇಂಜೆಕ್ಟರ್ ಬಾಯಿ ತೆರೆಯಲಿಕ್ಕೇ ಹೋಗುತ್ತದೆ, ಅದರಲ್ಲಿ ಪೆಟ್ರೋಲ್ ಇಲ್ಲ. 2.4ರಲ್ಲಿ ಅದನ್ನು ಕಳೆದರೆ 1.4. ಅದರ ಹತ್ತನೇ ಒಂದು ಭಾಗ 0.14.

ಈ ಡೆಡ್ ಟೈಮ್ ಬ್ಯಾಟರಿ ವೋಲ್ಟೇಜ್ ಇಳಿದಂತೆ ಬೆಳೆಯುತ್ತದೆ. ಸಣ್ಣ ಬೈಕಿನ ಮ್ಯಾಗ್ನೆಟೊ ಐಡಲಿನಲ್ಲಿ ಹೆಡ್‌ಲೈಟಿಗೇ ಏದುಸಿರು ಬಿಡುತ್ತದೆ. ಹೆಡ್‌ಲೈಟ್ ಕನೆಕ್ಟರ್ ತೆಗೆದು ಒಮ್ಮೆ, ಹಾಕಿ ಒಮ್ಮೆ ಐಡಲ್ ಲಾಗ್ ಮಾಡು. ವೋಲ್ಟೇಜ್ ಕಾಲಂ ಸೇರಿಸಿ ಇಲ್ಲಿ ಹಾಕು. ಲ್ಯಾಂಬ್ಡಾ ಎರಡರಲ್ಲೂ ಒಂದೇ ಬಂದರೆ ವೋಲ್ಟೇಜ್ ಕರ್ವ್ ಸರಿ ಇದೆ, ಸ್ಪೀಡ್ ಡೆನ್ಸಿಟಿಗೆ ಹೋಗಬಹುದು.