ಡೊಮೇನ್ ರಿನ್ಯೂವಲ್ ಬಿಲ್ ನೋಡಿ ತಲೆ ಕೆಟ್ಟಿದೆ, ದಾರಿ ಹೇಳಿ

ಬರಹಪೆಟ್ಟಿಗೆ: ನ್ಯೂಸ್‌ಲೆಟರ್‌ಗೆ ಅಂತ ಹೋದ ವರ್ಷ ಒಂದು ಡೊಮೇನ್ ತಗೊಂಡಿದ್ದೆ. ಆಗ ಹೆಚ್ಚುಕಡಿಮೆ ಪುಕ್ಕಟೆ. ಈಗ ರಿನ್ಯೂವಲ್ ಬಿಲ್ ಬಂದಿದೆ, ಹತ್ತು ಪಟ್ಟು! ನ್ಯೂಸ್‌ಲೆಟರ್‌ನಿಂದ ಒಂದು ಪೈಸೆ ಹುಟ್ಟುವುದಿಲ್ಲ. ಅಗ್ಗದ ಡೊಮೇನ್ ಎಲ್ಲಿ ಸಿಗುತ್ತದೆ? ಬೇಗ ಹೇಳಿ, ಅವಧಿ ಮುಗಿಯುತ್ತಾ ಬಂತು.

ಕೀಲಿಮಣೆ: ಪ್ರೀಮಿಯಂ ಹೆಸರು ಇರಬೇಕು. ಬೇಡಿಕೆಯ ಅಂಥ ಹೆಸರಿಗೆ ರಿಜಿಸ್ಟ್ರಿಯವರೇ, ಅಂದರೆ ಡಾಟ್ ಕಾಮ್‌ನಂಥ ಕೊನೆಗಳನ್ನು ನಡೆಸುವವರೇ, ಜಾಸ್ತಿ ಬೆಲೆ ಇಟ್ಟಿರುತ್ತಾರೆ. ಹೆಸರು ಮಾರುವ ಯಾವ ರಿಜಿಸ್ಟ್ರಾರ್ ಹತ್ತಿರ ಹೋದರೂ ಅದೇ ಕಥೆ. ಹೆಸರು ಬದಲಿಸಿ.

ಬರಹಪೆಟ್ಟಿಗೆ: ಉದ್ದದ ಹೆಸರು ಸರ್. ಬದಲಿಸಿದರೆ ಹಳೆಯ ಸಂಚಿಕೆಗಳ ಲಿಂಕ್ ಎಲ್ಲಾ ಹಾಳು.

ಕೀಲಿಮಣೆ: ಉದ್ದ ಇದ್ದರೇನು, ಪ್ರೀಮಿಯಂ ಆಗಬಾರದು ಅಂತ ಇದೆಯಾ?

ತಂತಿಜಾಲ: ಪ್ರೀಮಿಯಂ ಆಗಿದ್ದರೆ ಮೊದಲ ವರ್ಷವೇ ಕೈ ಸುಡುತ್ತಿತ್ತು ಅಲ್ವಾ? ಬರಹಪೆಟ್ಟಿಗೆ ಅವರೇ, ಡಾಟ್ ಮುಂದೆ ಏನಿದೆ? ಬಿಲ್‌ನಲ್ಲಿ ಏನೇನು ಬರೆದಿದ್ದಾರೆ?

ಬರಹಪೆಟ್ಟಿಗೆ: ಡಾಟ್ ಎಕ್ಸ್‌ವೈಝಡ್. ಅಗ್ಗದ್ದು ಅಂದಮೇಲೆ ಮತ್ತೇನಿರುತ್ತದೆ?

ಹಳೇಸರ್ವರ್: ಅಯ್ಯೋ, ಅದನ್ನು ಬಿಡಿ ಸುಮ್ನೆ. ಅಗ್ಗದ ಡೊಮೇನ್‌ಗಳನ್ನು ಸ್ಪ್ಯಾಮ್ ಕಳಿಸುವವರು ರಾಶಿಗಟ್ಟಲೆ ಕೊಳ್ಳುತ್ತಾರೆ, ಮೇಲ್ ಫಿಲ್ಟರ್‌ಗಳಿಗೆ ಅನುಮಾನ ಜಾಸ್ತಿ. ಡಾಟ್ ಕಾಮ್ 1985ರಿಂದ ಇದೆ. ಮರ್ಯಾದೆ ಇರುವುದು ಅದಕ್ಕೇ.

ತಂತಿಜಾಲ: ಗೂಗಲ್‌ನ ಒಡೆಯ ಕಂಪನಿ ಆಲ್ಫಾಬೆಟ್‌ನ ತಾಣವೇ ಎಬಿಸಿ ಡಾಟ್ ಎಕ್ಸ್‌ವೈಝಡ್. ಅವರಿಗೆ ಮರ್ಯಾದೆ ಇಲ್ವಾ?

ಹಳೇಸರ್ವರ್: ಅವರ ಮೇಲ್ ಅನ್ನು ಸ್ಪ್ಯಾಮ್‌ಗೆ ಹಾಕುವ ಧೈರ್ಯ ಯಾರಿಗಿದೆ? ಅವರೂ ನಾವೂ ಒಂದೇನಾ?

ತಂತಿಜಾಲ: ಮೇಲ್ ನಿಜವಾಗಿ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳು ನೆಟ್ಟಗಿಲ್ಲದಿದ್ದರೆ ಡಾಟ್ ಕಾಮ್ ಕೂಡ ಸ್ಪ್ಯಾಮ್‌ಗೇ ಹೋಗುತ್ತದೆ. ಅದಿರಲಿ, ಬಿಲ್ ಎಲ್ಲಿ?

ಬರಹಪೆಟ್ಟಿಗೆ: ಡೊಮೇನ್, ಇಮೇಲ್ ಬಾಕ್ಸ್, ಪ್ರೈವಸಿ (ಮಾಲೀಕರ ವಿವರ ಮುಚ್ಚಿಡುವುದು), ಸೈಟ್ ಬಿಲ್ಡರ್. ನಾಲ್ಕೂ ಆಟೋ ರಿನ್ಯೂ ಅಂತಿದೆ.

ತಂತಿಜಾಲ: ನೋಡಿ, ಡೊಮೇನ್ ಒಂದರದ್ದೇ ಬಿಲ್ ಅಲ್ಲ ಇದು. ಕೆಳಗಿನ ಮೂರನ್ನೂ ತೆಗೆಯಿರಿ. ಮೇಲ್ ಕಳಿಸುವುದು ನ್ಯೂಸ್‌ಲೆಟರ್ ಸೇವೆಯವರು. ನಿಮಗೆ ಉತ್ತರ ಬಂದು ಸೇರಲು, ಬಂದ ಮೇಲ್ ಅನ್ನು ನಿಮ್ಮ ಬೇರೆ ಇಮೇಲ್‌ಗೆ ದಾಟಿಸುವ ಫಾರ್ವರ್ಡಿಂಗ್ ಸಾಕು. ಅದನ್ನೂ ಪ್ರೈವಸಿಯನ್ನೂ ಎಷ್ಟೋ ರಿಜಿಸ್ಟ್ರಾರ್‌ಗಳು ಉಚಿತವಾಗಿ ಕೊಡುತ್ತಾರೆ. ಆಮೇಲೂ ಡೊಮೇನ್ ದುಬಾರಿ ಅನ್ನಿಸಿದರೆ ಬೇರೆ ರಿಜಿಸ್ಟ್ರಾರ್‌ಗೆ ಟ್ರಾನ್ಸ್‌ಫರ್ ಮಾಡಿ. ಹೊಸ ಕಡೆ ಮೊದಲ ವರ್ಷದ ಬೆಲೆ ನೋಡಬೇಡಿ, ರಿನ್ಯೂವಲ್ ಬೆಲೆ ನೋಡಿ. ಟ್ರಾನ್ಸ್‌ಫರ್ ಶುಲ್ಕದಲ್ಲೇ ಇನ್ನೊಂದು ವರ್ಷ ಸೇರಿಕೊಳ್ಳುತ್ತದೆ, ದುಡ್ಡು ದಂಡ ಆಗುವುದಿಲ್ಲ. ಮಾಲೀಕರ ಹೆಸರು, ಇಮೇಲ್ ಮಾತ್ರ ಈಗ ಮುಟ್ಟಬೇಡಿ, ಟ್ರಾನ್ಸ್‌ಫರ್‌ಗೆ 60 ದಿನದ ಲಾಕ್ ಬೀಳಬಹುದು. ಡೊಮೇನ್‌ನ ತಾಣ, ಮೇಲ್ ಎಲ್ಲಿವೆ ಅಂತ ಹೇಳುವ ಡಿಎನ್‌ಎಸ್ ದಾಖಲೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅವನ್ನು ಇಟ್ಟಿರುವ ನೇಮ್‌ಸರ್ವರ್ ಬದಲಾದಾಗ ಡಿಕೆಐಎಂ ಬಿಟ್ಟುಹೋದರೆ ಮುಂದಿನ ಸಂಚಿಕೆ ಇನ್‌ಬಾಕ್ಸ್‌ಗೆ ಹೋಗುತ್ತದೋ ಸ್ಪ್ಯಾಮ್‌ಗೆ ಹೋಗುತ್ತದೋ ದೇವರೇ ಬಲ್ಲ. ಅವಧಿ ಮುಗಿಯಲು ಅಂತೂ ಬಿಡಬೇಡಿ. ರಿಡೆಂಪ್ಷನ್‌ಗೆ, ಅಂದರೆ ಅಳಿಸಿಹೋಗುವ ಮುಂಚಿನ ಕೊನೆಯ ಗಡುವಿಗೆ, ಹೋದ ಹೆಸರನ್ನು ಬಿಡಿಸಿಕೊಳ್ಳುವ ಶುಲ್ಕ ಈ ಬಿಲ್ಲನ್ನೂ ಮೀರಿಸಬಹುದು.

ಕೀಲಿಮಣೆ: ಏನೇ ಆಗಲಿ, ಪ್ರೀಮಿಯಂ ಹೌದೋ ಅಲ್ಲವೋ ಒಂದು ಸಲ ನೋಡಿಬಿಡಿ.

ಹಳೇಸರ್ವರ್: ನಾನಂತೂ ಮೇಲ್ ಸರ್ವರ್ ಮನೆಯಲ್ಲೇ ಇಟ್ಟಿದ್ದೇನೆ. ಡೆಬಿಯನ್, ಪೋಸ್ಟ್‌ಫಿಕ್ಸ್, ಡವ್‌ಕಾಟ್ ಸಾಫ್ಟ್‌ವೇರ್, ಪಕ್ಕದಲ್ಲಿ ಯುಪಿಎಸ್. ಯಾರ ಹಂಗೂ ಇಲ್ಲ.

ತಂತಿಜಾಲ: ಮನೆಯ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಕಳಿಸಿದ್ದನ್ನು ಜಿಮೇಲ್ ಒಳಗೆ ಬಿಟ್ಟುಕೊಳ್ಳುತ್ತದಾ?

ಹಳೇಸರ್ವರ್: ರಿಲೇ ಮೂಲಕ, ಅಂದರೆ ಬೇರೆಯವರ ಮೇಲ್ ಸರ್ವರ್ ದಾಟಿ ಹೋಗುತ್ತದೆ.

ತಂತಿಜಾಲ: ಯಾರ ಹಂಗೂ ಇಲ್ಲ ಅಂದ್ರಿ?

ಬರಹಪೆಟ್ಟಿಗೆ: ಮೂರೂ ತೆಗೆದೆ, ಬಿಲ್ ಅರ್ಧಕ್ಕಿಂತ ಕೆಳಗೆ ಬಂತು. ಆದರೂ ಬೇರೆ ಕಡೆಗಿಂತ ಜಾಸ್ತಿನೇ. ಟ್ರಾನ್ಸ್‌ಫರ್‌ಗೆ ಬೇಕಾದ ಗುಪ್ತ ಸಂಕೇತ, ಆಥ್ ಕೋಡ್, ಕೇಳಿದ್ದೇನೆ, ಇನ್ನೂ ಬಂದಿಲ್ಲ.

ತಂತಿಜಾಲ: ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದಂತೆ 5 ದಿನದೊಳಗೆ ಕೊಡಲೇಬೇಕು. ಬರದಿದ್ದರೆ ಇಲ್ಲೇ ತಿಳಿಸಿ.