ನಲವತ್ತೊಂದನೆಯ ವಯಸ್ಸಿನಲ್ಲಿ ಮೊದಲ ರೇಟಿಂಗ್ ಪಂದ್ಯಾವಳಿ: ಸಿದ್ಧತೆ ಹೇಗಿರಬೇಕು?

ಪ್ರಶ್ನೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನನಗೀಗ ನಲವತ್ತೊಂದು ವರ್ಷ. ಚದುರಂಗವನ್ನು ಕಲಿಸಿದವರು ನಮ್ಮ ಅಜ್ಜ. ಮೊದಲ ನಡೆಗೆ ಎರಡು ಕಾಲಾಳುಗಳನ್ನು ಒಂದೊಂದು ಮನೆ ಮುಂದಿಡುವುದು ಅವರ ರೂಢಿಯಾಗಿತ್ತು, ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವುದು) ಎಂಬುದೇ ಇರಲಿಲ್ಲ. ಎರಡು ವರ್ಷಗಳಿಂದ ಮೊಬೈಲಿನಲ್ಲಿ ಅಂತರರಾಷ್ಟ್ರೀಯ ನಿಯಮದಂತೆ ಆಡುತ್ತಿದ್ದೇನೆ. ಕಳೆದ ತಿಂಗಳು ಒಂದು ದಿನದ ಸ್ಥಳೀಯ ಪಂದ್ಯಾವಳಿಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳ ಎದುರು ಇಪ್ಪತ್ತು ನಡೆಗಳೊಳಗೆ ಸೋತೆ. ಆದರೂ ಫಿಡೆ (ವಿಶ್ವ ಚದುರಂಗ ಒಕ್ಕೂಟ) ಕೊಡುವ ರೇಟಿಂಗ್, ಅಂದರೆ ಆಟಗಾರರ ಬಲ ತೋರಿಸುವ ಅಂಕಿ, ಪಡೆಯಬೇಕೆಂಬ ಆಸೆ ಗಟ್ಟಿಯಾಗಿದೆ. ಓಪನಿಂಗ್ (ಆಟದ ಆರಂಭದ ನಡೆಗಳ) ಪುಸ್ತಕಗಳಿಂದ ಆರಂಭಿಸಲೇ? ಮೊದಲು ರ‍್ಯಾಪಿಡ್ (ಕಡಿಮೆ ಸಮಯದ ಆಟ) ಆಡಬೇಕೇ, ಕ್ಲಾಸಿಕಲ್ (ದೀರ್ಘ ಸಮಯದ ಆಟ) ಆಡಬೇಕೇ?

ಉತ್ತರ (ಮೈಸೂರು)

ನಾನು ಮೂವತ್ತೈದರಲ್ಲಿ ಆರಂಭಿಸಿದವನು, ಆದ್ದರಿಂದ ಆ ಸೋಲಿನ ಬಗ್ಗೆ ಮೊದಲು ಒಂದು ಮಾತು ಹೇಳುತ್ತೇನೆ. ಮಕ್ಕಳ ರೇಟಿಂಗ್ ಅವರ ನಿಜವಾದ ಬಲಕ್ಕಿಂತ ಸದಾ ಹಿಂದೆ ಇರುತ್ತದೆ. ಮೊದಲ 30 ಆಟಗಳವರೆಗೆ ಎಲ್ಲರಿಗೂ ಕೆ ಅಂಶ (ಪ್ರತಿ ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬಹುದೆಂಬ ಅಳತೆ) 40 ಇರುತ್ತದೆ, ಆಮೇಲೆ ನಮಗೆ 20ಕ್ಕೆ ಇಳಿಯುತ್ತದೆ; ಹದಿನೆಂಟು ತುಂಬದವರಿಗೆ, 2300ಕ್ಕಿಂತ ಕೆಳಗಿರುವಷ್ಟು ಕಾಲ, 40 ಆಗಿಯೇ ಉಳಿಯುತ್ತದೆ. ಹೀಗೆ ಎರಡು ಪಟ್ಟು ವೇಗದಲ್ಲಿ ಏರಿದರೂ ಅವರ ಕಲಿಕೆಯ ವೇಗವನ್ನು ರೇಟಿಂಗ್ ಮುಟ್ಟುವುದಿಲ್ಲ. ಎದುರಿಗೆ ಕುಳಿತವರ ವಯಸ್ಸನ್ನೂ ಅಂಕಿಯನ್ನೂ ನೋಡದೆ ಆಡುವುದು ಒಳ್ಳೆಯದು.

ಮೊದಲ ರೇಟಿಂಗ್ ಬರಲು ರೇಟಿಂಗ್ ಇರುವವರ ಎದುರು ಕನಿಷ್ಠ ಐದು ಆಟ ಆಡಿರಬೇಕು. 2024ರ ಮಾರ್ಚ್‌ನಿಂದ ರೇಟಿಂಗಿನ ಕನಿಷ್ಠ ಮಿತಿ 1400 ಆಗಿದೆ.

ಓಪನಿಂಗ್ ಪುಸ್ತಕಗಳನ್ನು ಸದ್ಯಕ್ಕೆ ಬದಿಗಿಡಿ; ಈ ಹಂತದ ಆಟಗಳನ್ನು ತೀರ್ಮಾನಿಸುವುದು ಕಾವಲಿಲ್ಲದೆ ಬಿಟ್ಟ ಕಾಯಿಗಳು ಮತ್ತು ಅಂತ್ಯದಾಟ. ಒಂದು ಆನೆಯಿಂದ ಆನೆ ಮತ್ತು ಕಾಲಾಳನ್ನು ತಡೆಯುವ ಫಿಲಿಡೋರ್ ಸ್ಥಿತಿಯನ್ನು ಕಲಿಯಿರಿ. ನಮ್ಮ ರಾಜ ಕಾಲಾಳಿನ ಎದುರು ನಿಂತಿರುವಾಗ ಆನೆ ನಮ್ಮ ಮೂರನೆಯ ಸಾಲನ್ನು ಕಾಯಬೇಕು. ಕಾಲಾಳು ಆ ಸಾಲಿಗೆ ಕಾಲಿಟ್ಟೊಡನೆ ಆನೆಯನ್ನು ಹಲಗೆಯ ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಇದು ಗೊತ್ತಿಲ್ಲದೆ, ನಾಲ್ಕನೆಯ ಗಂಟೆಯಲ್ಲಿ, ಡ್ರಾ ಆಗಬೇಕಿದ್ದ ಆಟವೊಂದನ್ನು ನಾನು ಕಳೆದುಕೊಂಡಿದ್ದೇನೆ.

ಉತ್ತರ (ಶಿವಮೊಗ್ಗ, ಆರ್ಬಿಟರ್ ಅಂದರೆ ಪಂದ್ಯದ ತೀರ್ಪುಗಾರ)

ಮೊಬೈಲಿನಲ್ಲಿ ಆಡಿ ಬಂದವರು ಸಭಾಂಗಣದಲ್ಲಿ ಸೋಲುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಅದಕ್ಕೆ ಕಾರಣ ಬಹಳ ಸಲ ಆಟವಲ್ಲ, ಕೈಗಳ ಅಭ್ಯಾಸ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನನ್ನೇ, ಒಂದೇ ಕೈಯಲ್ಲಿ, ಎತ್ತಬೇಕು. ಮೊದಲು ಆನೆಯನ್ನು ಮುಟ್ಟಿದರೆ ಆ ನಡೆಯಲ್ಲಿ ಆ ಬದಿಗೆ ಕ್ಯಾಸ್ಲಿಂಗ್ ಮಾಡುವಂತಿಲ್ಲ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು. ಡ್ರಾ ಕೇಳುವುದಾದರೆ ನಡೆ ಮುಗಿಸಿ, ಗಡಿಯಾರ ಒತ್ತುವ ಮೊದಲು ಕೇಳಬೇಕು. ಫೋನನ್ನು ಜೇಬಿನಲ್ಲಿಟ್ಟುಕೊಂಡು ಕೂರಬೇಡಿ, ಅದರಿಂದಲೇ ಆಟ ಕಳೆದುಕೊಂಡವರಿದ್ದಾರೆ. ಮನೆಯಲ್ಲಿ ನಿಜವಾದ ಹಲಗೆಯ ಮೇಲೆ, ಪ್ರತಿ ನಡೆಯನ್ನೂ ಬರೆಯುತ್ತಾ, ಒಂದು ತಿಂಗಳು ಆಡಿದರೆ ಇವೆಲ್ಲ ಸಹಜವಾಗುತ್ತವೆ.

ಉತ್ತರ (ಬೆಂಗಳೂರು)

ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು ರೈಲ್ವೆ ಉದ್ಯೋಗದಲ್ಲಿದ್ದುಕೊಂಡೇ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅವರು ಎಳವೆಯಿಂದಲೇ ಆಡಿದವರಾದ್ದರಿಂದ ನಮಗೆ ಅವರೊಡನೆ ಹೋಲಿಕೆ ಸಲ್ಲದು. ಆದರೂ ಉದ್ಯೋಗದ ನಡುವೆ ಚದುರಂಗಕ್ಕೆ ಸಮಯ ಹೊಂದಿಸಿಕೊಳ್ಳುವ ಪ್ರಶ್ನೆ ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ರ‍್ಯಾಪಿಡ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸಭಾಂಗಣದ ಅಂಜಿಕೆ ಕಳೆಯಲು ಒಂದೆರಡು ಆಡಿ, ಅಷ್ಟು ಸಾಕು. ತೊಂಬತ್ತು ನಿಮಿಷ ಮತ್ತು ನಡೆಗೆ ಮೂವತ್ತು ಸೆಕೆಂಡಿನ ಕ್ಲಾಸಿಕಲ್ ಆಟದಲ್ಲಿ ಅರವತ್ತು ನಡೆಗಳಾದರೆ ಇಬ್ಬರ ಸಮಯ ಸೇರಿ ನಾಲ್ಕು ಗಂಟೆಯಾಗಬಹುದು, ದಿನಕ್ಕೆ ಎರಡು ಸುತ್ತುಗಳೂ ಇರಬಹುದು. ಅಲ್ಲಿ ವಯಸ್ಕರನ್ನು ಸೋಲಿಸುವುದು ದಣಿವು. ವರ್ಷಕ್ಕೆ ಎರಡೇ ಪಂದ್ಯಾವಳಿ ಆಡಿದರೂ ಪ್ರತಿ ಆಟವನ್ನು ಮೊದಲು ಎಂಜಿನ್ (ಆಟ ವಿಶ್ಲೇಷಿಸುವ ಕಂಪ್ಯೂಟರ್ ತಂತ್ರಾಂಶ) ಇಲ್ಲದೆ, ಸ್ವಂತ ಕಣ್ಣಿನಿಂದ, ಪೂರ್ತಿ ಪರಿಶೀಲಿಸಿ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞ. ನಿನ್ನೆ ರಾತ್ರಿ ಆ ಹುಡುಗಿಯೊಡನೆ ಆಡಿದ ಆಟದ ಹದಿನಾಲ್ಕು ನಡೆಗಳನ್ನು ನೆನಪಿನಿಂದ ಬರೆದೆ. ಹನ್ನೊಂದರವರೆಗೆ ನನ್ನ ಸ್ಥಿತಿ ಚೆನ್ನಾಗಿಯೇ ಇತ್ತು. ಹನ್ನೆರಡರಲ್ಲಿ ಗಡಿಯಾರ ನೋಡಿ ಗಾಬರಿಗೊಂಡು, ಅವಳ ಕುದುರೆಯನ್ನು ಗಮನಿಸದೆ, ಒಂಟೆಯನ್ನು ಬಿಟ್ಟುಕೊಟ್ಟಿದ್ದೆ. ಹಲಗೆ ಮತ್ತು ಗಡಿಯಾರವನ್ನು ಈ ವಾರವೇ ತರಿಸುತ್ತೇನೆ.